ನೀರಿನಲ್ಲಿ ಮುಳುಗುವಿಕೆ ಮತ್ತು ಈಜು ಸುರಕ್ಷತೆ

ಮೂಗು, ಬಾಯಿ ನೀರಿನೊಳಗೆ ಸಿಕ್ಕಿ ಉಸಿರಾಟಕ್ಕೆ ತಡೆ ಬೀಳುವುದನ್ನು ವೈದ್ಯಶಾಸ್ತ್ರ ಮುಳುಗುವಿಕೆ ಎನ್ನುತ್ತದೆ. 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ್ದ ವಿಶ್ವ ಸಮ್ಮೇಳನ ಈ ವ್ಯಾಖ್ಯೆಯನ್ನು ಒಪ್ಪಿಕೊಂಡ ಮೇಲೆ ಒಂದು ಹಳೆಯ ಗೊಂದಲ ತೀರಿತು. ಮುಳುಗಿದವರೆಂದರೆ ಸತ್ತವರೆಂದೇ ಅರ್ಥ ಮಾಡಬೇಕಾಗಿಲ್ಲ. ಮುಳುಗಿದವರು ಸಾಯಬಹುದು, ಮಿದುಳಿಗೆ ಹಾನಿಯಾಗಿ ಊನದೊಂದಿಗೆ ಬದುಕಬಹುದು, ಪೂರ್ತಿ ಚೇತರಿಸಿಕೊಂಡು ಮನೆಗೂ ಹೋಗಬಹುದು. ಇವುಗಳಲ್ಲಿ ಯಾವುದಾಗುತ್ತದೆ ಎಂಬುದು ಬಹುಮಟ್ಟಿಗೆ ಮೊದಲ ಕೆಲವು ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ. ಆ ಹೊತ್ತಿಗೆ ಆಂಬುಲೆನ್ಸ್ ಹೊರಟಿರುವುದಿಲ್ಲ, ವೈದ್ಯರಿಗೆ ಸುದ್ದಿ ಮುಟ್ಟಿರುವುದಿಲ್ಲ. ದಡದಲ್ಲಿ ಯಾರಿದ್ದಾರೋ ಅವರೇ ಎಲ್ಲವನ್ನೂ ಮಾಡಬೇಕು. ಆದ್ದರಿಂದ ನೀರಿನ ಅಪಾಯದ ತಿಳಿವಳಿಕೆ ಕೆರೆಯ ಏರಿಯ ಮೇಲೆ ಓಡಾಡುವ ಪ್ರತಿಯೊಬ್ಬರಿಗೂ ಬೇಕಾದದ್ದು.

ವ್ಯಾಪ್ತಿ

ವಿಶ್ವ ಆರೋಗ್ಯ ಸಂಸ್ಥೆ 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ಮುಳುಗಿ ಸತ್ತರು. ಅಂದರೆ ಗಂಟೆಗೆ 30ಕ್ಕೂ ಹೆಚ್ಚು ಜನ. ಇವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಬ್ಬರು ಐದು ವರ್ಷ ತುಂಬದ ಮಕ್ಕಳು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಾವುಗಳು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲೇ ಆಗಿವೆ. ಪ್ರವಾಹ ಮತ್ತು ದೋಣಿ ದುರಂತಗಳ ಸಾವುಗಳು ಈ ಲೆಕ್ಕದಲ್ಲಿ ಪೂರ್ತಿಯಾಗಿ ಸೇರಿಲ್ಲವಾದ್ದರಿಂದ ನಿಜವಾದ ಸಂಖ್ಯೆ ಇನ್ನೂ ದೊಡ್ಡದು. ಭರವಸೆ ಕೊಡುವ ಅಂಶವೂ ಅದೇ ವರದಿಯಲ್ಲಿದೆ: 2000ದಿಂದ ಈಚೆಗೆ ಮುಳುಗಿ ಸಾಯುವವರ ದರ ಶೇ 38ರಷ್ಟು ಇಳಿದಿದೆ.

ಭಾರತದಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷ ವರ್ಷವೂ ಆಕಸ್ಮಿಕ ಸಾವುಗಳ ಪಟ್ಟಿ ಹೊರತರುತ್ತದೆ. 2022ರ ಪಟ್ಟಿಯಲ್ಲಿ ನೀರುಪಾಲಾದವರ ಸಂಖ್ಯೆ 38 ಸಾವಿರ ದಾಟಿತ್ತು. ಸತ್ತವರಲ್ಲಿ ಗಂಡಸರ ಪಾಲು ದೊಡ್ಡದು. ಒಂದು ರೈಲು ಅಪಘಾತದಲ್ಲಿ ನೂರು ಜನ ಸತ್ತರೆ ದೇಶವೇ ಮರುಗುತ್ತದೆ. ಕೆರೆಯಲ್ಲಿ ಇಬ್ಬರು, ಹೊಂಡದಲ್ಲಿ ಒಬ್ಬರು, ನಾಲೆಯಲ್ಲಿ ಮೂವರು ಎಂದು ಹಂಚಿಹೋಗುವ ಈ ಸಾವುಗಳು ಮಾತ್ರ ಜಿಲ್ಲಾ ಪುಟದ ಮೂಲೆಯಲ್ಲೇ ಉಳಿಯುತ್ತವೆ. ಈ ಮರೆವನ್ನು ಮುರಿಯಲೆಂದೇ ಬಾಂಗ್ಲಾದೇಶ ಮತ್ತು ಐರ್ಲೆಂಡ್ ಮುಂದಾಳಾಗಿ ತಂದ ನಿರ್ಣಯವನ್ನು ವಿಶ್ವಸಂಸ್ಥೆಯ ಮಹಾಸಭೆ 2021ರ ಏಪ್ರಿಲಿನಲ್ಲಿ ಅಂಗೀಕರಿಸಿತು. ಅಂದಿನಿಂದ ಜುಲೈ 25 ಮುಳುಗುವಿಕೆ ತಡೆಯ ವಿಶ್ವ ದಿನವಾಗಿದೆ.

ದೇಹದಲ್ಲಿ ಆಗುವುದೇನು

ನೀರಿಗೆ ಸಿಕ್ಕಿದವರು ಮೊದಲು ಉಸಿರು ಬಿಗಿಹಿಡಿಯುತ್ತಾರೆ. ಬಾಯಿಗೆ ಬಂದ ನೀರನ್ನು ಉಗುಳುತ್ತಾರೆ ಇಲ್ಲವೇ ನುಂಗುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋದಂತೆ ಉಸಿರೆಳೆಯುವ ಒತ್ತಡ ತಡೆಯಲಾಗದಷ್ಟು ಬಲವಾಗುತ್ತದೆ. ಹಾಗೆ ಎಳೆದ ಉಸಿರಿನೊಂದಿಗೆ ನೀರು ಶ್ವಾಸನಾಳಕ್ಕಿಳಿದು ಕೆಮ್ಮು ಬರುತ್ತದೆ. ಕೆಲವರಲ್ಲಿ ಗಂಟಲಿನ ದ್ವಾರವೇ ಸೆಟೆದು ಮುಚ್ಚಿಕೊಳ್ಳುವುದುಂಟು. ಶ್ವಾಸಕೋಶಕ್ಕೆ ಹೋಗುವ ನೀರು ಬಹಳವೇನೂ ಇರಬೇಕಾಗಿಲ್ಲ. ಗಾಳಿಗೂಡುಗಳನ್ನು ಅರಳಿಸಿ ಹಿಡಿಯುವ ತೆಳುವಾದ ಲೇಪವನ್ನು ಅಷ್ಟೇ ನೀರು ತೊಳೆದುಬಿಡುತ್ತದೆ, ಆಮ್ಲಜನಕ ರಕ್ತಕ್ಕೆ ಸೇರುವುದು ನಿಲ್ಲುತ್ತದೆ. ಪ್ರಜ್ಞೆ ತಪ್ಪುತ್ತದೆ, ಉಸಿರು ನಿಲ್ಲುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. ಆಮ್ಲಜನಕವಿಲ್ಲದ ಮಿದುಳಿಗೆ ನಾಲ್ಕರಿಂದ ಆರು ನಿಮಿಷಗಳಲ್ಲಿ ಶಾಶ್ವತ ಹಾನಿ ಆರಂಭವಾಗುತ್ತದೆ.

ಹೃದಯಾಘಾತದಲ್ಲಿ ಮೊದಲು ಕೈಕೊಡುವುದು ಹೃದಯ. ಮುಳುಗಿದವರಲ್ಲಿ ಮೊದಲು ನಿಲ್ಲುವುದು ಉಸಿರು. ಪ್ರಥಮ ಚಿಕಿತ್ಸೆಯ ಕ್ರಮವೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಸದ್ದಿಲ್ಲದ ಅಪಾಯ

ಮುಳುಗುವವರು ಕೈ ಬೀಸುತ್ತಾರೆ, ಕಾಪಾಡಿ ಎಂದು ಕೂಗುತ್ತಾರೆ ಎಂಬುದು ಸಿನಿಮಾ ಕಲಿಸಿದ ಚಿತ್ರ. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಆರ್ಚರ್ಡ್ ಬೀಚಿನಲ್ಲಿ ಲೈಫ್‌ಗಾರ್ಡ್ ಆಗಿದ್ದ ಫ್ರಾಂಕ್ ಪಿಯಾ 1970ರ ಸುಮಾರಿಗೆ ನಿಜವಾಗಿ ಮುಳುಗುತ್ತಿದ್ದವರನ್ನೂ ಅವರ ರಕ್ಷಣೆಯನ್ನೂ ಚಿತ್ರೀಕರಿಸಿ ಅಧ್ಯಯನ ಮಾಡಿದರು. ಅವರು ಕಂಡದ್ದು ಬೇರೆಯೇ ಆಗಿತ್ತು. ಮುಳುಗುವವರ ದೇಹ ನೀರಿನಲ್ಲಿ ನೆಟ್ಟಗೆ ನಿಂತಿರುತ್ತದೆ, ಕಾಲುಗಳು ಒದೆಯುವುದಿಲ್ಲ. ಕೈಗಳು ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಅವನ್ನು ಎತ್ತಿ ಬೀಸುವುದು ಅವರ ವಶದಲ್ಲಿರುವುದಿಲ್ಲ. ಬಾಯಿ ನೀರಿನ ಮೇಲೆ ಬಂದಾಗ ಸಿಗುವ ಕ್ಷಣ ಉಸಿರೆಳೆಯಲಿಕ್ಕೇ ಸಾಲದಿರುವಾಗ ಕೂಗಲು ಉಸಿರೆಲ್ಲಿಂದ ಬರಬೇಕು? ಇದೆಲ್ಲ 20ರಿಂದ 60 ಸೆಕೆಂಡುಗಳಲ್ಲಿ ಮುಗಿಯುತ್ತದೆ.

2017ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ರಾಮನಗರ ಜಿಲ್ಲೆಯ ಬೆಟ್ಟವೊಂದಕ್ಕೆ ಹೋಗಿದ್ದ ಕಾಲೇಜು ಹುಡುಗರು ಅಲ್ಲಿನ ಕಲ್ಯಾಣಿಗೆ ಇಳಿದರು. ಅವರಲ್ಲೊಬ್ಬ ಮುಳುಗಿದ್ದು ಜೊತೆಯವರಿಗೆ ತಿಳಿಯಲೇ ಇಲ್ಲ. ಆಮೇಲೆ ಮೊಬೈಲಿನಲ್ಲಿದ್ದ ಸೆಲ್ಫಿಗಳನ್ನು ನೋಡಿದಾಗ, ನಗುವ ಮುಖಗಳ ಹಿಂದೆ ಅವನು ಮುಳುಗುತ್ತಿರುವುದು ಕಂಡಿತು. ಗೆಳೆಯರು ನಿರ್ದಯಿಗಳಾಗಿರಲಿಲ್ಲ. ಮುಳುಗುವುದು ಹೇಗೆ ಕಾಣುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಗುರುತುಗಳು ಇಷ್ಟು: ತಲೆ ಹಿಂದಕ್ಕೆ ವಾಲಿ ಬಾಯಿ ನೀರಿನ ಮಟ್ಟದಲ್ಲೇ ಇರುವುದು, ಕಣ್ಣು ಗಾಜಿನಂತೆ ಬರಿದಾಗುವುದು, ಕೂದಲು ಮುಖದ ಮೇಲೆ ಬಿದ್ದರೂ ಸರಿಸದಿರುವುದು, ಏಣಿ ಹತ್ತುವವರಂತೆ ಕೈಯಾಡಿಸುತ್ತ ನಿಂತಲ್ಲೇ ನಿಲ್ಲುವುದು. ಸಂಶಯ ಬಂದರೆ ಹೆಸರು ಹಿಡಿದು ಕೂಗಬೇಕು. ಉತ್ತರ ಬಾರದಿದ್ದರೆ ಅರ್ಧ ನಿಮಿಷದಷ್ಟೇ ಸಮಯ ಉಳಿದಿದೆ ಎಂದು ತಿಳಿಯಬೇಕು. ನೀರಿನಲ್ಲಿ ಆಡುವ ಮಕ್ಕಳ ಗದ್ದಲ ಒಮ್ಮೆಲೇ ನಿಂತರೆ ತಿರುಗಿ ನೋಡಬೇಕು.

ಮನೆಯ ನೀರು

ತೀರಾ ಚಿಕ್ಕ ಮಕ್ಕಳಿಗೆ ಅಪಾಯ ಮನೆಯೊಳಗೇ ಇದೆ. ಅಂಬೆಗಾಲಿಡುವ ಮಗುವಿನ ತಲೆಯ ಭಾರ ದೇಹಕ್ಕೆ ಹೋಲಿಸಿದರೆ ಹೆಚ್ಚು, ತೋಳಿನ ಬಲ ಕಡಿಮೆ. ಬಕೆಟ್ಟಿನೊಳಗೆ ತಲೆಕೆಳಗಾಗಿ ಬಿದ್ದರೆ ತಾನಾಗಿ ಏಳಲಾಗದು, ಕೆಲವೇ ಅಂಗುಲ ನೀರೂ ಉಸಿರು ಕಟ್ಟಿಸಲು ಸಾಕು. ಬಚ್ಚಲಿನ ಹಂಡೆ, ದನಕ್ಕೆ ನೀರಿಡುವ ತೊಟ್ಟಿ, ನಗರದ ಮನೆಗಳ ಸಂಪು ಇವೆಲ್ಲ ಈ ಸಾಲಿನವೇ. ನೀರು ಬಿಟ್ಟಾಗ ಸಂಪಿನ ಮುಚ್ಚಳ ತೆರೆದಿಟ್ಟು ಮೋಟರ್ ಹಾಕಲು ಒಳಗೆ ಹೋಗಿಬರುವಷ್ಟರಲ್ಲಿ ಮಗು ಬಿದ್ದ ಘಟನೆಗಳು ಬೆಂಗಳೂರಿನಲ್ಲಿ ಮತ್ತೆ ಮತ್ತೆ ನಡೆದಿವೆ. ಕಟ್ಟಡ ಕೆಲಸದ ಜಾಗದಲ್ಲಿ ಶೆಡ್ ಹಾಕಿಕೊಂಡಿರುವ ಕೂಲಿಯವರ ಮಕ್ಕಳಿಗೆ ಈ ಅಪಾಯ ಇನ್ನೂ ಹೆಚ್ಚು. ಅಲ್ಲಿ ಸಂಪಿಗೆ ಬಹಳ ದಿನ ಮುಚ್ಚಳವೇ ಇರುವುದಿಲ್ಲ.

ಬಳಸಿದ ಬಕೆಟ್ ಬೋರಲು ಹಾಕುವುದು, ಸಂಪಿಗೆ ಬೀಗ ಹಾಕುವುದು, ಬಾವಿಗೆ ಎದೆಮಟ್ಟದ ಕಟ್ಟೆ ಮತ್ತು ಕಬ್ಬಿಣದ ಜಾಲರಿ ಹಾಕಿಸುವುದು, ಇವಕ್ಕೆ ಖರ್ಚು ಅಲ್ಪ. ಮೂರ್ಛೆರೋಗ ಇರುವವರು ಬಾವಿಕಟ್ಟೆ, ಹೊಳೆ, ಈಜುಕೊಳದ ಬಳಿ ಒಬ್ಬರೇ ಇರಕೂಡದು. ಸ್ನಾನದ ತೊಟ್ಟಿಯಲ್ಲೂ ಅವರಿಗೆ ಅಪಾಯವಿದೆ.

ಕೆರೆ, ಕೃಷಿ ಹೊಂಡ, ಕ್ವಾರಿ

ಹಳೆಯ ಕೆರೆಗಳ ಅಂಗಳ ದಂಡೆಯಿಂದ ಮೆಲ್ಲಗೆ ಇಳಿಜಾರಾಗುತ್ತಿತ್ತು. ಮೊಣಕಾಲು, ಸೊಂಟ, ಎದೆ ಎಂದು ಆಳ ಲೆಕ್ಕಕ್ಕೆ ಸಿಗುತ್ತಿತ್ತು. ಜೆಸಿಬಿಯಿಂದ ಹೂಳು ಮತ್ತು ಮಣ್ಣು ತೆಗೆದ ಮೇಲೆ ಅದೇ ಕೆರೆಯೊಳಗೆ ಕಡಿದಾದ ಗುಂಡಿಗಳು ಉಳಿಯುತ್ತವೆ. ಮಳೆ ಬಂದು ನೀರು ಸಮನಾಗಿ ನಿಂತಾಗ ಗುಂಡಿ ಯಾವುದು, ನೆಲ ಯಾವುದು ಎಂದು ಊರಿನವರಿಗೂ ತಿಳಿಯದು. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ಆಳುದ್ದ ನೀರಿನಲ್ಲಿರುತ್ತಾರೆ. ಮರಳು ತೆಗೆದ ಹೊಳೆಯ ಪಾತ್ರ, ಕಲ್ಲು ತೆಗೆದು ಬಿಟ್ಟ ಕ್ವಾರಿ ಇವುಗಳದ್ದೂ ಇದೇ ಕಥೆ. ಕ್ವಾರಿಗೆ ಹತ್ತಿಬರಲು ಮೆಟ್ಟಿಲೂ ಇರುವುದಿಲ್ಲ.

2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ರಾಜ್ಯದ ಒಣಭೂಮಿಯಲ್ಲಿ ಕೃಷಿ ಹೊಂಡಗಳು ದೊಡ್ಡ ಸಂಖ್ಯೆಯಲ್ಲಿ ಬಂದವು. ಬೆಳೆಗೆ ಅವು ಆಸರೆಯಾದದ್ದು ನಿಜ. ನೀರು ಇಂಗದಂತೆ ಹಾಸಿದ ಪಾಲಿಥೀನ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ ಎಂಬುದೂ ಅಷ್ಟೇ ನಿಜ. ಬಿದ್ದವರು ಅಂಚಿಗೆ ಬಂದರೂ ಹಿಡಿಯಲು ಏನೂ ಸಿಗದು. ಈಜು ಬಲ್ಲವರೂ ಸೋತು ಮುಳುಗುವುದು ಇಂಥಲ್ಲಿ. ಹೊಂಡದ ಸುತ್ತ ತಂತಿ ಬೇಲಿಯನ್ನು ಯೋಜನೆಯ ಅಂಗವಾಗಿಯೇ ಸೇರಿಸಿರುವುದು ಈ ಕಾರಣಕ್ಕೆ. ಬೇಲಿಯ ಜೊತೆಗೆ ಗಂಟು ಹಾಕಿದ ದಪ್ಪ ಹಗ್ಗವನ್ನು ದಂಡೆಯ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡುವುದು, ಒಂದೆರಡು ಖಾಲಿ ಕ್ಯಾನು ತೇಲಲು ಬಿಡುವುದು ರೈತರೇ ಮಾಡಿಕೊಳ್ಳಬಹುದಾದ ಕೆಲಸ.

ಹಬ್ಬದ ದಿನಗಳಲ್ಲಿ ಅಪಾಯ ಇಮ್ಮಡಿಯಾಗುತ್ತದೆ. 2019ರ ಸೆಪ್ಟೆಂಬರಿನಲ್ಲಿ ಕೋಲಾರ ಜಿಲ್ಲೆಯ ಕೆಜಿಎಫ್ ತಾಲ್ಲೂಕಿನಲ್ಲಿ ಗಣಪತಿ ಬಿಡಲು ಹೋದ ಆರು ಮಕ್ಕಳು ನೀರುಪಾಲಾದರು. ದೊಡ್ಡವರು ಒಬ್ಬರೂ ಇಲ್ಲದೆ ಮಕ್ಕಳೇ ನೀರಿನ ಬಳಿ ಹೋಗುವ ಸಂದರ್ಭಗಳಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗುವುದು ಸಾಮಾನ್ಯ. ಜಾರಿದವನನ್ನು ಹಿಡಿಯಲು ಇನ್ನೊಬ್ಬ, ಅವನನ್ನು ಹಿಡಿಯಲು ಮತ್ತೊಬ್ಬ. ಬಟ್ಟೆ ಒಗೆಯಲು ಹೋದ ತಾಯಿ ಮಕ್ಕಳು ಒಟ್ಟಿಗೆ ಸಾಯುವುದೂ ಹೀಗೆಯೇ.

ಹೊಳೆ ಮತ್ತು ನಾಲೆ

ಹರಿಯುವ ನೀರಿನ ಬಲವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡಲಾಗದು. ಮೊಣಕಾಲು ಮೇಲಿನ ರಭಸದ ನೀರು ವಯಸ್ಕರನ್ನೂ ಕೆಡವಬಲ್ಲದು. ಕಾವೇರಿಯ ಮುತ್ತತ್ತಿ, ಸಂಗಮ, ಮೇಕೆದಾಟು ಕಡೆ ಬಂಡೆಗಳ ನಡುವೆ ಮಡುಗಳಿವೆ, ಸುಳಿಗಳಿವೆ. ಮೇಲೆ ಶಾಂತವಾಗಿ ಕಾಣುವ ಮಡುವಿನ ತಳದಲ್ಲಿ ಸೆಳವು ಬಂಡೆಯ ಸಂದಿಗೆ ಎಳೆಯುತ್ತಿರುತ್ತದೆ. ಎಚ್ಚರಿಕೆಯ ಫಲಕಗಳಲ್ಲಿ ಸತ್ತವರ ಸಂಖ್ಯೆ ಬರೆದಿದ್ದರೂ ಅದರ ಪಕ್ಕದಲ್ಲೇ ನೀರಿಗಿಳಿಯುವವರು ಕಾಣುತ್ತಾರೆ.

ಅಣೆಕಟ್ಟಿನ ಕೆಳಗಿನ ಹೊಳೆ ಇನ್ನೊಂದು ಬಗೆಯದು. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ, ಹೈದರಾಬಾದಿನಿಂದ ಪ್ರವಾಸ ಹೋಗಿದ್ದ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಕೊಚ್ಚಿಹೋದರು. ಬಂಡೆಗಳ ಮೇಲೆ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದವರ ಸುತ್ತ ನೀರು ಕೆಲವೇ ನಿಮಿಷಗಳಲ್ಲಿ ಏರಿತ್ತು. ಜಲಾಶಯದ ಸೈರನ್ ಕೇಳಿದರೆ, ತಿಳಿನೀರು ಥಟ್ಟನೆ ಕೆಂಪಾದರೆ, ಕಸಕಡ್ಡಿ ತೇಲಿಬಂದರೆ ವಸ್ತುಗಳನ್ನು ಬಿಟ್ಟು ಎತ್ತರಕ್ಕೆ ಹತ್ತಬೇಕು.

ನಾಲೆಗಳಲ್ಲಿ ನೀರಿನ ವೇಗಕ್ಕಿಂತ ಕಾಂಕ್ರೀಟ್ ಲೈನಿಂಗ್ ದೊಡ್ಡ ಶತ್ರು. ನುಣುಪಾದ ಇಳಿಜಾರು ಗೋಡೆಯಲ್ಲಿ ಕಾಲೂರಲು ಜಾಗವಿರದು. 2018ರ ನವೆಂಬರ್ 24ರಂದು ಮಂಡ್ಯ ಜಿಲ್ಲೆಯ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ನಾಲೆಯ ಬದಿಯ ರಸ್ತೆಗೆ ತಡೆಗೋಡೆ, ಅಲ್ಲಲ್ಲಿ ಇಳಿಯುವ ಮೆಟ್ಟಿಲು, ಅಡ್ಡ ಕಟ್ಟಿದ ಸರಪಳಿ ಇದ್ದರೆ ವಾಹನ ಬೀಳುವುದೂ ತಪ್ಪುತ್ತದೆ, ಬಿದ್ದವರಿಗೆ ಹಿಡಿಯಲು ಆಸರೆಯೂ ಸಿಗುತ್ತದೆ.

ಕಡಲು

ಅಲೆಗಳು ತೀರಕ್ಕೆ ತಂದು ಸುರಿದ ನೀರು ಹಿಂದಿರುಗಲೇಬೇಕು. ಮರಳದಿಣ್ಣೆಗಳ ನಡುವೆ ತಗ್ಗು ಸಿಕ್ಕ ಕಡೆ ಅದು ಕಿರಿದಾದ ಹೊಳೆಯಂತೆ ಕಡಲಿನತ್ತ ಧಾವಿಸುತ್ತದೆ. ಇದೇ ಹಿಂಸೆಳೆತ. ಸಾಮಾನ್ಯವಾಗಿ ಇದರ ವೇಗ ಹೆಚ್ಚಿಲ್ಲ, ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರ್ ಮೀರುವುದುಂಟು. ಒಲಿಂಪಿಕ್ 100 ಮೀಟರ್ ಫ್ರೀಸ್ಟೈಲ್ ಗೆಲ್ಲುವವರ ವೇಗವೂ ಸುಮಾರು ಅಷ್ಟೇ. ಆದ್ದರಿಂದ ಇದರ ಎದುರು ಈಜಿ ದಡ ಸೇರಲು ಹೋದವರು ದಣಿದು ಮುಳುಗುತ್ತಾರೆ. ಸೆಳೆತ ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ ಅಷ್ಟೆ. ಅದರ ಅಗಲ ಹತ್ತಾರು ಮೀಟರ್ ಮಾತ್ರ. ಮೈ ಸಡಿಲ ಬಿಟ್ಟು ತೇಲುತ್ತಾ, ತೀರಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ತಗ್ಗಿದ ಮೇಲೆ ಓರೆಯಾಗಿ ದಡದತ್ತ ಬರಬೇಕು. ಈಜಲಾಗದವರು ತೇಲುತ್ತಲೇ ಕೈಯೆತ್ತಿ ಸನ್ನೆ ಮಾಡಬೇಕು. ಎರಡು ಕಡೆ ಅಲೆ ಒಡೆದು ನೊರೆಯಾಗುತ್ತಿರುವಾಗ ನಡುವೆ ನೊರೆಯಿಲ್ಲದ ಗಾಢ ಬಣ್ಣದ ಪಟ್ಟಿ ಕಂಡರೆ ಅದೇ ಸೆಳೆತದ ದಾರಿ. ಹೊಸಬರು ಶಾಂತವಾಗಿದೆಯೆಂದು ಇಳಿಯುವುದೂ ಅಲ್ಲೇ.

ಆಸ್ಟ್ರೇಲಿಯಾದ ಸಿಡ್ನಿಯ ಬಾಂಡಿ ಬೀಚಿನಲ್ಲಿ 1938ರ ಫೆಬ್ರುವರಿ 6ರಂದು ಸಾಲು ಸಾಲು ಅಲೆಗಳು ಅಪ್ಪಳಿಸಿ ನೂರಾರು ಜನ ಒಮ್ಮೆಲೇ ಕಡಲಿಗೆ ಸೆಳೆಯಲ್ಪಟ್ಟರು. ಅಂದು ಸ್ಥಳದಲ್ಲಿದ್ದ ಸ್ವಯಂಸೇವಕ ಜೀವರಕ್ಷಕರು ಸುಮಾರು 250 ಮಂದಿಯನ್ನು ದಡಕ್ಕೆ ತಂದರು, ಐವರು ಸತ್ತರು. ತರಬೇತಾದ ಜನ ಸ್ಥಳದಲ್ಲೇ ಇದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಆ ದಿನವನ್ನು ಇಂದಿಗೂ ಉದಾಹರಿಸುತ್ತಾರೆ. ಕೆಂಪು-ಹಳದಿ ಬಾವುಟಗಳ ನಡುವಿನ ಜಾಗದಲ್ಲಷ್ಟೇ ಈಜುವ ಪದ್ಧತಿ ಈಗ ಅನೇಕ ದೇಶಗಳಲ್ಲಿದೆ. ಬರೀ ಕೆಂಪು ಬಾವುಟವಿದ್ದರೆ ನೀರಿಗೆ ಇಳಿಯುವಂತಿಲ್ಲ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಕಡಲನ್ನೇ ನಂಬಿದ ಮೊಗವೀರರು, ಖಾರ್ವಿಗಳು ಬೋಟುಗಳನ್ನು ದಕ್ಕೆಗೆ ಕಟ್ಟಿ ಕೂತಿರುವ ಆ ದಿನಗಳಲ್ಲೇ ಮಳೆ ನೋಡಲು ಬಂದ ಪ್ರವಾಸಿಗರು ಅಲೆಗೆ ಇಳಿಯುತ್ತಾರೆ. ಅಳಿವೆ ಬಾಗಿಲು, ಅಲೆ ತಡೆಯಲು ಹಾಕಿದ ಕಲ್ಲುಬಂಡೆಗಳ ಸಾಲು ವರ್ಷವಿಡೀ ಅಪಾಯದ ಜಾಗಗಳು. ಮಳೆಗಾಲ ಮುಗಿದರೂ ಎಚ್ಚರ ತಪ್ಪುವಂತಿಲ್ಲ. ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರು ಅಲೆಗೆ ಸಿಕ್ಕು ಸತ್ತದ್ದು 2024ರ ಡಿಸೆಂಬರಿನಲ್ಲಿ. ಒಳನಾಡಿನ ಮಕ್ಕಳಿಗೆ ಅದು ಬದುಕಿನ ಮೊದಲ ಕಡಲು. ಅಂಥವರನ್ನು ಕರೆದೊಯ್ಯುವ ಶಾಲೆಗಳು ಜೀವರಕ್ಷಕರು ಇರುವ ತೀರವನ್ನಷ್ಟೇ ಆರಿಸಬೇಕು, ಇಳಿಯುವ ಮಿತಿಯನ್ನು ಮೊದಲೇ ಗುರುತಿಸಬೇಕು, ನೀರಿನಲ್ಲಿರುವವರನ್ನು ಎಣಿಸುತ್ತಲೇ ಇರಬೇಕು.

ದೋಣಿ ಮತ್ತು ಲೈಫ್ ಜಾಕೆಟ್

2016ರ ನವೆಂಬರ್ 7ರಂದು ಬೆಂಗಳೂರಿನ ಹೊರವಲಯದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರದ ಸಾಹಸ ದೃಶ್ಯಕ್ಕಾಗಿ ಹೆಲಿಕಾಪ್ಟರಿನಿಂದ ಹಾರಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿ ಸತ್ತರು. ಇಬ್ಬರದ್ದೂ ವ್ಯಾಯಾಮದಿಂದ ಹುರಿಗೊಂಡ ಕಟ್ಟುಮಸ್ತಾದ ಮೈ. ಲೈಫ್ ಜಾಕೆಟ್ ತೊಟ್ಟಿರಲಿಲ್ಲ. ತೋಳ್ಬಲಕ್ಕೂ ತೇಲುವುದಕ್ಕೂ ಸಂಬಂಧವಿಲ್ಲವೆಂದು ಕನ್ನಡಿಗರೆಲ್ಲ ಟಿ.ವಿ.ಯಲ್ಲಿ ಕಂಡು ಮರುಗಿದ ದಿನ ಅದು. ಮಾಂಸಖಂಡದ ಸಾಂದ್ರತೆ ಕೊಬ್ಬಿಗಿಂತ ಹೆಚ್ಚು, ಹುರಿಗೊಂಡ ದೇಹ ನೀರಿನಲ್ಲಿ ಬೇಗ ತಗ್ಗುತ್ತದೆ.

2019ರ ಜನವರಿ 21ರಂದು ಕಾರವಾರದ ಸಮೀಪದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಮಂದಿ ಸತ್ತರು. ದೋಣಿಯಾಗಲಿ, ಹರಿಗೋಲಾಗಲಿ, ಕೂರುವ ಮೊದಲು ಲೈಫ್ ಜಾಕೆಟ್ ತೊಟ್ಟು ಪಟ್ಟಿಗಳನ್ನು ಬಿಗಿಯಬೇಕು. ಕಾಲಡಿ ಇಟ್ಟುಕೊಂಡ ಜಾಕೆಟ್ಟು ಮಗುಚಿದ ಮೇಲೆ ಕೈಗೆ ಸಿಗದು. ಮಕ್ಕಳಿಗೆ ಅವರ ಅಳತೆಯದೇ ಬೇಕು, ದೊಡ್ಡದಾದರೆ ಜಾಕೆಟ್ ತೇಲಿ ಮಗು ಕೆಳಗೆ ಜಾರುತ್ತದೆ. ಗಾಳಿ ತುಂಬುವ ಟ್ಯೂಬು, ತೋಳುಪಟ್ಟಿಗಳು ಆಟಿಕೆಗಳು, ಅವನ್ನು ರಕ್ಷಣೆಯೆಂದು ನಂಬುವಂತಿಲ್ಲ.

ಈಜು ಕಲಿಕೆ

ಬಾವಿಯ ಮೆಟ್ಟಿಲ ಮೇಲೆ ದೊಡ್ಡವರು ಹಗ್ಗ ಹಿಡಿದು ನಿಂತು, ಬೆನ್ನಿಗೆ ಒಣ ಸೋರೆಬುರುಡೆ ಅಥವಾ ಬೆಂಡು ಕಟ್ಟಿಸಿಕೊಂಡ ಹುಡುಗರನ್ನು ನೀರಿಗಿಳಿಸುವುದು ಹಳ್ಳಿಗಳ ಹಳೆಯ ಈಜುಶಾಲೆ. ಬಾಳೆದಿಂಡು, ಲಾರಿ ಟ್ಯೂಬು, ಎಣ್ಣೆಕ್ಯಾನು ಆಮೇಲೆ ಬಂದವು. ತೇಲುವ ಸಾಧನ, ಕಟ್ಟಿದ ಹಗ್ಗ, ಕಣ್ಣಿಟ್ಟ ಹಿರಿಯರು ಎಂಬ ಮೂರು ರಕ್ಷಣೆಗಳು ಅದರಲ್ಲೇ ಇದ್ದವು. ತೆರೆದ ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದ ಮೇಲೆ ಆ ಕಲಿಕೆ ತಪ್ಪಿತು, ನೀರು ಮಾತ್ರ ಹೊಂಡಗಳಲ್ಲಿ, ನಾಲೆಗಳಲ್ಲಿ ಉಳಿಯಿತು. ಹೆಣ್ಣುಮಕ್ಕಳಿಗಂತೂ ಆಗಲೂ ಈ ಶಾಲೆಯ ಬಾಗಿಲು ಮುಚ್ಚಿಯೇ ಇತ್ತು.

2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಭಾರತವನ್ನು ಪ್ರತಿನಿಧಿಸಿದ ಬೆಂಗಳೂರಿನ ಈಜುಗಾರ್ತಿ ನಿಶಾ ಮಿಲೆಟ್ ಐದನೆಯ ವಯಸ್ಸಿನಲ್ಲಿ ಮುಳುಗಿ ಸಾಯುವುದರಿಂದ ಪಾರಾದವರು. ಮಗಳ ಭಯ ಹೋಗಲೆಂದು ತಂದೆ ಈಜು ಕಲಿಸಲು ಮನಸ್ಸು ಮಾಡಿದರು.

ಬದುಕುಳಿಯಲು ಬೇಕಾದ ಈಜಿಗೆ ಪದಕದ ವೇಗ ಬೇಡ. ಬೆನ್ನಡಿಯಾಗಿ ತೇಲುವುದು, ನಿಂತಲ್ಲೇ ಕೈಕಾಲಾಡಿಸಿ ತಲೆ ಮೇಲಿಡುವುದು, ಬಿದ್ದ ಮೇಲೆ ದಡದತ್ತ ತಿರುಗುವುದು, 25 ಮೀಟರ್ ಈಜುವುದು, ತಾನಾಗಿ ಹತ್ತಿ ಹೊರಬರುವುದು, ಇಷ್ಟು ಸಾಕು. ಆರು ವರ್ಷ ದಾಟಿದ ಶಾಲಾ ಮಕ್ಕಳಿಗೆ ಇದನ್ನು ಕಲಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಈಜುಕೊಳದಲ್ಲಿ ಕಲಿತವರು ಹೊಳೆ, ಕಡಲನ್ನು ಹೊಸ ನೀರೆಂದೇ ಬಗೆಯಬೇಕು. ಆಳ ತಿಳಿಯದ ನೀರಿಗೆ ತಲೆಮುಂದಾಗಿ ಹಾರಿದರೆ ಕತ್ತಿನ ಮೂಳೆ ಮುರಿಯಬಹುದು. ಕುಡಿದು ಇಳಿಯುವುದು ತಾನಾಗಿ ತಂದುಕೊಳ್ಳುವ ಸಾವು. ಹೆಚ್ಚು ಹೊತ್ತು ಮುಳುಗಿರುವ ಪಂದ್ಯಕ್ಕಾಗಿ ಮೊದಲು ಜೋರಾಗಿ ಉಸಿರಾಡುವ ಚಾಳಿ ಯುವಕರಲ್ಲಿದೆ. ಅದರಿಂದ ಇಂಗಾಲದ ಡೈಆಕ್ಸೈಡ್ ತಗ್ಗಿ, ಉಸಿರು ಬೇಕೆಂಬ ಎಚ್ಚರಿಕೆ ಬರುವ ಮೊದಲೇ ಪ್ರಜ್ಞೆ ಹೋಗುತ್ತದೆ. ಒಳ್ಳೆಯ ಈಜುಗಾರರೇ ಹೀಗೆ ಸಾಯುತ್ತಾರೆ.

ಓದು, ಉದ್ಯೋಗಕ್ಕಾಗಿ ತಂಪು ದೇಶಗಳಿಗೆ ಹೋದ ಕನ್ನಡಿಗರು ತಿಳಿದಿರಬೇಕಾದ ಇನ್ನೊಂದು ಅಪಾಯ ತಣ್ಣೀರಿನದು. ಬೇಸಿಗೆಯ ಬಿಸಿಲಿದ್ದರೂ ಅಲ್ಲಿನ ಸರೋವರಗಳ ನೀರು 15 ಡಿಗ್ರಿಗಿಂತ ಕೆಳಗಿರಬಹುದು. ಧುಮುಕಿದ ಕೂಡಲೇ ತಡೆಯಲಾಗದ ಏದುಸಿರು ಬಂದು ನೀರು ಒಳಗೆ ಹೋಗುತ್ತದೆ. ಮೊದಲ ಒಂದು ನಿಮಿಷ ಈಜಲು ಯತ್ನಿಸದೆ ತೇಲುತ್ತಾ ಉಸಿರನ್ನು ಹದಕ್ಕೆ ತರುವುದೇ ಉಪಾಯ.

ರಕ್ಷಿಸುವ ಬಗೆ

ಮುಳುಗುವವರು ಸಿಕ್ಕಿದ್ದನ್ನು ಕೆಳಕ್ಕೊತ್ತಿ ಮೇಲೇರಲು ಯತ್ನಿಸುತ್ತಾರೆ. ಹತ್ತಿರ ಬಂದವರು ಅಪ್ಪನಾದರೂ ಗೆಳೆಯನಾದರೂ ಆ ಕ್ಷಣಕ್ಕೆ ಅವರು ಬರೀ ಮೆಟ್ಟಿಲು. ಆದ್ದರಿಂದ ನೀರಿಗೆ ಹಾರುವುದು ಕೊನೆಯ ದಾರಿ. ಮೊದಲು ಕೂಗಿ ಜನ ಸೇರಿಸಬೇಕು, 112ಕ್ಕೆ ಕರೆ ಮಾಡಿಸಬೇಕು. ದಡದಲ್ಲಿ ಬೋರಲು ಮಲಗಿ ಕೋಲು, ಬಿದಿರಿನ ಗಳ, ಟವೆಲ್ ಚಾಚಬೇಕು. ದೂರವಿದ್ದರೆ ಹಗ್ಗ, ಖಾಲಿ ಕ್ಯಾನು, ಮುಚ್ಚಳ ಬಿಗಿದ ನೀರಿನ ಬಾಟಲಿ, ಸ್ಟೆಪ್ನಿ ಎಸೆಯಬೇಕು. ಇದ್ದರೆ ದೋಣಿಯಲ್ಲಿ ಹೋಗಬೇಕು.

ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟಿನಲ್ಲಿ 2020ರ ಆಗಸ್ಟಿನಲ್ಲಿ ನಾಲ್ವರು ಯುವಕರು ಮುಳುಗುತ್ತಿದ್ದಾಗ, ಅಲ್ಲಿದ್ದ ಮೂವರು ಮಹಿಳೆಯರು ಉಟ್ಟ ಸೀರೆ ಬಿಚ್ಚಿ ನೀರಿಗೆಸೆದು ಇಬ್ಬರನ್ನು ಎಳೆದುಕೊಂಡರು. ತಮಿಳುನಾಡು ಸರ್ಕಾರ ಅವರಿಗೆ ಕಲ್ಪನಾ ಚಾವ್ಲಾ ಪ್ರಶಸ್ತಿ ಕೊಟ್ಟಿತು. ಸೀರೆ, ಪಂಚೆ, ದುಪಟ್ಟಾ ನಮ್ಮಲ್ಲಿ ಯಾವ ದಡದಲ್ಲೂ ಸಿಗುವ ಹಗ್ಗಗಳು.

ಕರ್ನಾಟಕದಲ್ಲಿ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಸಿಬ್ಬಂದಿಯ ಜೊತೆಗೆ ಊರೂರಿನ ಮುಳುಗು ತಜ್ಞರೂ ಈ ಕೆಲಸಕ್ಕೆ ಒದಗುತ್ತಾರೆ. ಉಡುಪಿಯ ಈಶ್ವರ್ ಮಲ್ಪೆ ಅವರು 2024ರ ಜುಲೈನಲ್ಲಿ ಅಂಕೋಲಾದ ಶಿರೂರು ಗುಡ್ಡ ಕುಸಿದಾಗ ಗಂಗಾವಳಿಯ ಕೆಂಪು ನೀರಿಗಿಳಿದು ಹುಡುಕಿದವರು. ಅವರು ಮೇಲೆತ್ತುವುದು ಹೆಚ್ಚಾಗಿ ಶವಗಳನ್ನು. ಕರೆ ಬರುವಷ್ಟರಲ್ಲೇ ಕಾಲ ಮೀರಿರುತ್ತದೆ.

ಪ್ರಥಮ ಚಿಕಿತ್ಸೆ

ಮುಳುಗಿದವರನ್ನು ಬದುಕಿಸುವ ಸಂಘಟಿತ ಯತ್ನ 1767ರಲ್ಲಿ ಕಾಲುವೆಗಳ ಊರಾದ ಆಮ್‌ಸ್ಟರ್‌ಡ್ಯಾಮಿನಲ್ಲಿ ಆರಂಭವಾಯಿತು. 1774ರಲ್ಲಿ ಲಂಡನ್ ಅನುಸರಿಸಿತು. ಪೀಪಾಯಿಯ ಮೇಲೆ ಉರುಳಿಸುವುದು, ಗುದದ್ವಾರದಿಂದ ತಂಬಾಕಿನ ಹೊಗೆ ಊದುವುದು ಆ ಕಾಲದ ಚಿಕಿತ್ಸೆಗಳು. ಬಾಯಿಗೆ ಬಾಯಿಟ್ಟು ಉಸಿರೂದುವುದೇ ಸರಿಯೆಂದು 1950ರ ದಶಕದ ಕೊನೆಯಲ್ಲಿ ಪೀಟರ್ ಸಫಾರ್ ಮತ್ತು ಜೇಮ್ಸ್ ಈಲಂ ತೋರಿಸಿದರು. ಎದೆ ಒತ್ತುವ ವಿಧಾನವನ್ನು 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಂಡ ಪ್ರಕಟಿಸಿತು. ಇದನ್ನು ಜನರಿಗೆ ಕಲಿಸಲು ಅದೇ ವರ್ಷ ಬೊಂಬೆ ತಯಾರಿಸಿದವರು ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್, ತಮ್ಮ ಎರಡು ವರ್ಷದ ಮಗನನ್ನು ನೀರಿನಿಂದೆತ್ತಿ ಬದುಕಿಸಿಕೊಂಡಿದ್ದ ತಂದೆ.

ಇಂದಿನ ಕ್ರಮ ಸರಳ. ಹೊರತಂದವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ ಉಸಿರಾಟ ನೋಡಬೇಕು. ಉಸಿರಾಡುತ್ತಿದ್ದರೆ ಮಗ್ಗುಲಾಗಿಸಿ ಬೆಚ್ಚಗಿಡಬೇಕು. ಉಸಿರಿಲ್ಲದಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಂದ ಐದು ಸಲ ಉಸಿರೂದಬೇಕು. ಚೇತನ ಕಾಣದಿದ್ದರೆ ಎದೆಯ ನಡುವೆ ಎರಡೂ ಹಸ್ತ ಜೋಡಿಸಿ, ವಯಸ್ಕರಿಗೆ ಸುಮಾರು ಐದು ಸೆಂಟಿಮೀಟರ್ ಕುಗ್ಗುವಂತೆ, ನಿಮಿಷಕ್ಕೆ 100ರಿಂದ 120ರ ಲೆಕ್ಕದಲ್ಲಿ 30 ಸಲ ಒತ್ತಬೇಕು. ಮತ್ತೆ ಎರಡು ಉಸಿರು, ಮತ್ತೆ 30 ಒತ್ತು. 108 ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು. ಹೊಟ್ಟೆ ಅಮುಕುವುದು, ತಲೆಕೆಳಗಾಗಿಸುವುದು, ಹೆಗಲ ಮೇಲೆ ಹೊತ್ತು ತಿರುಗಿಸುವುದು ಯಾವುದೂ ಶ್ವಾಸಕೋಶದ ನೀರು ತೆಗೆಯುವುದಿಲ್ಲ. ಬದಲಿಗೆ ಜಠರದ ನೀರು ಗಂಟಲಿಗೆ ಬಂದು ಉಸಿರ ದಾರಿಯನ್ನೇ ಕಟ್ಟುತ್ತದೆ.

ಈಚಿನ ವರ್ಷಗಳಲ್ಲಿ ಹಬ್ಬಿದ ಒಂದು ಸುಳ್ಳು ಇನ್ನೂ ಕ್ರೂರವಾದದ್ದು. ಮುಳುಗಿದವರ ದೇಹವನ್ನು ಉಪ್ಪಿನಲ್ಲಿ ಹುದುಗಿಸಿಟ್ಟರೆ ಕೆಲವು ಗಂಟೆಗಳಲ್ಲಿ ಜೀವ ಬರುತ್ತದೆಂಬ ವಾಟ್ಸ್‌ಆ್ಯಪ್ ಸಂದೇಶ ನಂಬಿ, ಬಳ್ಳಾರಿ ಮತ್ತು ಹಾವೇರಿ ಜಿಲ್ಲೆಗಳಲ್ಲಿ ಹೆತ್ತವರು ಚೀಲಗಟ್ಟಲೆ ಉಪ್ಪು ತಂದು ಮಕ್ಕಳನ್ನು ಮುಚ್ಚಿ ಕಾದು ಕೂತಿದ್ದರು. ಉಪ್ಪಿಗೆ ಅಂಥ ಯಾವ ಗುಣವೂ ಇಲ್ಲ. ಉಸಿರೂದುವ ವಿಧಾನ ಆ ಮನೆಗಳಿಗೆ ತಲುಪುವ ಮೊದಲು ಸುಳ್ಳು ತಲುಪಿತ್ತು. ಬದುಕಿ ಎದ್ದವರನ್ನೂ ಆಸ್ಪತ್ರೆಗೆ ಒಯ್ಯಬೇಕು. ಕೆಮ್ಮು, ಏದುಸಿರು, ಮಂಪರು ಕೆಲವು ಗಂಟೆಗಳ ನಂತರವೂ ಉಲ್ಬಣಿಸಬಹುದು.

ತಡೆಯ ಪ್ರಯೋಗಗಳು

ಮನೆಯ ಹಿಂದೆಯೇ ಕೊಳವಿರುವ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮಕ್ಕಳು ಮುಳುಗುವುದು ಹೆಚ್ಚಾಗಿ ಬೆಳಗಿನಿಂದ ಮಧ್ಯಾಹ್ನದ ನಡುವೆ, ತಾಯಿ ಅಡುಗೆ, ಹೊಲಗೆಲಸದಲ್ಲಿ ತೊಡಗಿರುವಾಗ. ಅಲ್ಲಿನ ಸಂಶೋಧಕರು ಅಷ್ಟು ಹೊತ್ತು ಮಕ್ಕಳನ್ನು ನೋಡಿಕೊಳ್ಳಲು ಊರಿನದೇ ಹೆಂಗಸರನ್ನು ತರಬೇತುಗೊಳಿಸಿ ‘ಆಂಚಲ್’ ಎಂಬ ಶಿಶುಕೇಂದ್ರಗಳನ್ನು ತೆರೆದರು. ಆಂಚಲ್ ಎಂದರೆ ಸೀರೆಯ ಸೆರಗು. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಕೇಂದ್ರಗಳಿಗೆ ಬಂದ ಮಕ್ಕಳಲ್ಲಿ ಮುಳುಗು ಸಾವು ಶೇ 80ಕ್ಕೂ ಹೆಚ್ಚು ತಗ್ಗಿದ್ದು ಕಂಡಿತು. ಊರ ಕೊಳದಲ್ಲೇ ಬಿದಿರಿನ ಅಟ್ಟಣೆ ಕಟ್ಟಿ ಈಜು ಕಲಿಸಿದ ಮಕ್ಕಳಲ್ಲಿ ಶೇ 90ಕ್ಕೂ ಹೆಚ್ಚು ತಗ್ಗಿತ್ತು. ಪಶ್ಚಿಮ ಬಂಗಾಳದ ಸುಂದರಬನದಲ್ಲಿ 1ರಿಂದ 4 ವರ್ಷದ ಮಕ್ಕಳಲ್ಲಿ ಲಕ್ಷಕ್ಕೆ 240ಕ್ಕೂ ಹೆಚ್ಚು ಮುಳುಗು ಸಾವುಗಳಾಗುತ್ತಿವೆಯೆಂದು ಸಮೀಕ್ಷೆಯೊಂದು ತೋರಿಸಿದ ಮೇಲೆ ಅಲ್ಲಿಯೂ ಇಂಥ ಕೇಂದ್ರಗಳು ಆರಂಭವಾದವು.

ಭಾರತದ ಆರೋಗ್ಯ ಸಚಿವಾಲಯ 2023ರ ಡಿಸೆಂಬರಿನಲ್ಲಿ ಮುಳುಗುವಿಕೆ ತಡೆಗೆ ರಾಷ್ಟ್ರೀಯ ಕಾರ್ಯಚೌಕಟ್ಟು ಹೊರತಂದಿತು. ಆಂಚಲ್‌ನಂತೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ನಮ್ಮಲ್ಲೂ ಇದೆ: ಕರ್ನಾಟಕದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ತೆರೆದಿವೆ. ಇವನ್ನು ನಡೆಸುತ್ತಿರುವುದು ಮಕ್ಕಳ ಪೌಷ್ಟಿಕ ಆಹಾರಕ್ಕೆ, ತಾಯಂದಿರ ದುಡಿಮೆಯ ಅನುಕೂಲಕ್ಕೆ. ಆದರೂ ಕೂಸು ಅಲ್ಲಿರುವಷ್ಟು ಹೊತ್ತು ಕೃಷಿ ಹೊಂಡ, ದನದ ತೊಟ್ಟಿ, ತೆರೆದ ಬಾವಿಗಳಿಂದ ದೂರವಿರುತ್ತದೆ, ನೋಡಿಕೊಳ್ಳುವ ಆಯಾ ಎದುರಿಗೇ ಇರುತ್ತಾರೆ.